ಹೆಪ್ಪಿನ ನೆಂಟಸ್ತನ

ಹಾಲನ್ನು ದುಡ್ಡು ಕೊಟ್ಟು ತರಬಹುದು, ಹೆಪ್ಪನ್ನು ಯಾರಾದರೂ ಕೊಡಬೇಕು. ನಾನು ಬೆಳೆದ ಸಾಗರ ಸೀಮೆಯ ಊರಿನಲ್ಲಿ ಹಾಲಿಗೂ ಅಂಗಡಿಯ ಹಂಗಿರಲಿಲ್ಲ, ಕೊಟ್ಟಿಗೆಯಲ್ಲೇ ಕರಾವು ಇರುತ್ತಿತ್ತು. ಆದರೆ ಎಷ್ಟು ಹಸು ಕಟ್ಟಿದ ಮನೆಯಾದರೂ ಹೆಪ್ಪಿಗೆಂದು ಆಗಾಗ ಪಕ್ಕದ ಮನೆಯ ಬಾಗಿಲಿಗೆ ಹೋಗಲೇಬೇಕಾಗುತ್ತಿತ್ತು. ಮನೆಮಂದಿಯೆಲ್ಲ ಮದುವೆಗೋ ಧರ್ಮಸ್ಥಳಕ್ಕೋ ಹೋಗಿ ಬರುವಷ್ಟರಲ್ಲಿ ಗಡಿಗೆಯ ಮಜ್ಜಿಗೆ ಹುಳಿಯೇರಿ ಕೆಟ್ಟಿರುತ್ತಿತ್ತು. ಅಷ್ಟು ದಿನವೂ ಹಸು ಕರೆದು, ಕರುವಿಗೆ ಹುಲ್ಲು ಹಾಕಿ ನೋಡಿಕೊಂಡಿದ್ದವರು ಪಕ್ಕದ ಮನೆಯವರೇ. ಈಗ ಹೆಪ್ಪಿಗೂ ಅವರದೇ ಬಾಗಿಲು. ಸಣ್ಣ ಲೋಟ ಹಿಡಿದು ಓಡುವ ಕೆಲಸ ನಮ್ಮಂಥ ಮಕ್ಕಳದು. “ದೊಡ್ಡಮ್ಮಾ, ಹೆಪ್ಪಿಗೆ ಒಂಚೂರು ಮಜ್ಜಿಗೆ ಬೇಕಂತೆ” ಎಂದರೆ ಆಯಿತು, ಯಾಕೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಹೊತ್ತು ಮುಳುಗುವುದರೊಳಗೆ ಹೋಗಬೇಕು. ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು, ಸೂಜಿ ಕೊಡಬಾರದೆಂಬ ಕಟ್ಟು ಆಗ ಬಿಗಿಯಾಗಿತ್ತು. ಉಪ್ಪನ್ನಂತೂ ಹಗಲಿನಲ್ಲೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಜಗಳವಾಗುತ್ತದೆಂದು ನೆಲದ ಮೇಲಿಟ್ಟು ತೆಗೆದುಕೊಳ್ಳಲು ಹೇಳುತ್ತಿದ್ದರು. ಕೊಡುವುದಕ್ಕೂ ಕೊಳ್ಳುವುದಕ್ಕೂ ಇಷ್ಟೆಲ್ಲ ಕಟ್ಟುಪಾಡು ಹುಟ್ಟಿಕೊಂಡಿತ್ತೆಂದರೆ ಆ ವ್ಯವಹಾರ ದಿನವೂ ಎಷ್ಟು ನಡೆಯುತ್ತಿತ್ತೆಂದು ನೀವೇ ಊಹಿಸಿ.

ಹೆಪ್ಪೆಂಬುದು ಜೀವವಿರುವ ಪದಾರ್ಥ. ಬೆಚ್ಚಗಿನ ಹಾಲಿಗೆ ಒಂದು ಚಮಚ ಬಿದ್ದರೆ ಅದರಲ್ಲಿನ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಬೆಳೆದು, ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡಿ, ಬೆಳಗಾಗುವಾಗ ಹಾಲು ಗಟ್ಟಿ ಮೊಸರಾಗಿರುತ್ತದೆ. ಆ ಮೊಸರಿನದೊಂದು ಚಮಚ ಮಾರನೆಯ ದಿನದ ಹಾಲಿಗೆ. ನಮ್ಮ ಮನೆಯ ಹೆಪ್ಪು ಕೆಟ್ಟಾಗ ದೊಡ್ಡಮ್ಮನ ಮನೆಯಿಂದ ಬರುತ್ತಿತ್ತು, ಅವರದು ಕೆಟ್ಟಾಗ ನಮ್ಮಿಂದ ಹೋಗುತ್ತಿತ್ತು, ಅವರಿಂದ ತೋಟದಾಚೆಯ ಮನೆಗೆ. ಹೀಗೆ ಸುತ್ತಿ ಸುತ್ತಿ ಕೇರಿಯ ಅಷ್ಟೂ ಮನೆಯ ಮೊಸರುಗಳು ಒಂದೇ ಕುಲದವಾಗಿದ್ದವು. ಯಾರ ಮನೆಯ ಹೆಪ್ಪು ಮೊದಲಿನದೆಂದು ಹೇಳುವವರಿಲ್ಲ. ಒಬ್ಬರ ಮನೆಯಲ್ಲಿ ಸತ್ತದ್ದು ಇನ್ನೊಬ್ಬರ ಮನೆಯಲ್ಲಿ ಬದುಕಿರುತ್ತಿತ್ತು. ಬೀಜದ ಮಾತೂ ಹೀಗೆಯೇ. ಸೌತೆ, ಹೀರೆ, ಬದನೆ, ಬಸಳೆಯ ಬೀಜ-ಬಳ್ಳಿಗಳನ್ನು ಹೆಂಗಸರು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಹಂಚುತ್ತಿದ್ದರು. ನಮ್ಮ ಹಿತ್ತಿಲಿನ ಬಳ್ಳಿಗೆ ಒಂದು ವರ್ಷ ರೋಗ ಬಂದರೆ ನಾವೇ ಕೊಟ್ಟ ತಳಿಯನ್ನು ಮತ್ತೊಬ್ಬರಿಂದ ಇಸಿದುಕೊಂಡು ಬರುವುದು. ಶಿರಸಿಯ ಕಡೆ ‘ವನಸ್ತ್ರೀ’ಯ ಹೆಣ್ಣುಮಕ್ಕಳು ಹಿತ್ತಿಲಿನ ಬೀಜಗಳನ್ನು ಉಳಿಸಿ ಹಂಚುವ ಕೆಲಸವನ್ನು ಸಂಘಟನೆಯಾಗಿ ನಡೆಸಿಕೊಂಡು ಬಂದಿದ್ದಾರೆ. ಅವರು ಮಾಡುತ್ತಿರುವ ಕೆಲಸದ ಬೇರು ಆ ಸೆರಗಿನ ಗಂಟಿನಲ್ಲಿದೆ ಎಂದೇ ನನ್ನ ಎಣಿಕೆ.

ಹೆಪ್ಪು ತಂದ ಲೋಟವನ್ನು ಬರಿದಾಗಿ ಹಿಂದಿರುಗಿಸುವಂತಿರಲಿಲ್ಲ. ಅಮ್ಮ ಅದರಲ್ಲಿ ಏನಾದರೂ ಹಾಕಿಯೇ ಕಳಿಸುತ್ತಿದ್ದಳು. ಒಂದು ಚೂರು ಬೆಲ್ಲ, ಎರಡು ನಿಂಬೆಹಣ್ಣು, ಏನೂ ಇಲ್ಲದಿದ್ದರೆ ಒಂದು ಹೂವು. ಆ ಕಾಲದ ಸ್ಟೀಲು ಪಾತ್ರೆಗಳ ಮೇಲೆ ಹೆಸರು, ಇನಿಷಿಯಲ್ಲು, ಊರು ಕೊರೆಸುತ್ತಿದ್ದರಲ್ಲ, ಅದೇನು ಕಳ್ಳರ ಭಯಕ್ಕಲ್ಲ. ಪಾತ್ರೆಗಳು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತಿದ್ದವು, ಯಾರ ನಾಗಂದಿಗೆಯ ಮೇಲೆ ಯಾರ ಡಬ್ಬಿ ಇದೆಯೆಂಬುದು ಗೊತ್ತಾಗಬೇಕಿತ್ತು. ನಮ್ಮ ಮನೆಯ ಅಡುಗೆಮನೆಯಲ್ಲಿ ಬೇರೆಯವರ ಹೆಸರಿನ ಎಷ್ಟೋ ಪಾತ್ರೆಗಳು ಯಾವಾಗಲೂ ಇದ್ದವು. ಅವರ ಮನೆಗಳಲ್ಲಿ ನಮ್ಮವು.

ಕೈಗಡವಾಗಿ ತಂದ ಅಕ್ಕಿಯದೂ ಇದೇ ರೀತಿ. ಪಾವಿನಲ್ಲಿ ತಲೆ ಸವರಿ ಅಳೆದುಕೊಂಡು ಬಂದದ್ದನ್ನು ತಿರುಗಿ ಕೊಡುವಾಗ ಮೇಲೆ ರಾಶಿ ನಿಲ್ಲುವಂತೆ ಅಳೆಯಬೇಕು. ಬಡ್ಡಿ ಎಂದು ಯಾರೂ ಅದನ್ನು ತಿಳಿಯುತ್ತಿರಲಿಲ್ಲ. ಹೆಚ್ಚಿಗೆ ಬಂದ ಆ ಹಿಡಿ ಅಕ್ಕಿ ಅವರ ತಲೆಯಲ್ಲಿ ಕುಳಿತಿರುತ್ತಿತ್ತು, ಮುಂದಿನ ಸಲ ನಮಗೆ ಹಲಸಿನ ಹಪ್ಪಳ ಬರುತ್ತಿತ್ತು. ನಾನು ಇದನ್ನು ಕುರಿತು ಬಹಳ ಯೋಚಿಸಿದ್ದೇನೆ. ಸರಿಯಾಗಿ ತಂದಷ್ಟನ್ನೇ ತಿರುಗಿ ಕೊಟ್ಟರೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ, ಆಮೇಲೆ ಆ ಬಾಗಿಲಿಗೆ ಹೋಗಲು ಕಾರಣ ಉಳಿಯುವುದಿಲ್ಲ. ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ, ಯಾರೋ ಒಬ್ಬರ ಕಡೆ ಏನೋ ಬಾಕಿ, ಹೀಗಿದ್ದಾಗಲೇ ಮನೆಗಳ ನಡುವಿನ ದಾರಿಯಲ್ಲಿ ಹುಲ್ಲು ಬೆಳೆಯುವುದಿಲ್ಲ.

ಈ ಬಾಕಿಯ ದೊಡ್ಡ ರೂಪವನ್ನು ನೋಡಿದ್ದು ಮುಯ್ಯಾಳಿನಲ್ಲಿ. ಮಲೆನಾಡಿನಲ್ಲಿ ಅಡಿಕೆಯ ಸುಗ್ಗಿಯೆಂದರೆ ಕಾರ್ತಿಕದಿಂದ ಶುರುವಾಗಿ ಸಂಕ್ರಾಂತಿಯ ಆಚೆಗೂ ಎಳೆಯುತ್ತದೆ. ಕೊನೆ ಇಳಿಸಿದ ಹಸಿ ಅಡಿಕೆಯನ್ನು ಬಹಳ ಹೊತ್ತು ಇಡುವಂತಿಲ್ಲ. ಸುಲಿಯಬೇಕು, ಚೊಗರು ಹಾಕಿ ಬೇಯಿಸಬೇಕು, ಚಪ್ಪರದ ಮೇಲೆ ಹರವಿ ಒಣಗಿಸಬೇಕು. ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದೆ. ಒಂದು ಮನೆಯವರು ಎಷ್ಟು ಜನ ಇದ್ದರೂ ಒಂದು ರಾತ್ರಿಯಲ್ಲಿ ಆ ರಾಶಿಯನ್ನು ಮುಗಿಸಲಾರರು. ಹೀಗಾಗಿ ಇವತ್ತು ನಮ್ಮ ಮನೆಯಲ್ಲಿ ಸುಲಿತ, ನಾಡಿದ್ದು ಕೆಳಗಿನ ಮನೆಯಲ್ಲಿ, ಆಮೇಲೆ ಹೊಳೆಯಾಚೆಯವರಲ್ಲಿ. ಊಟ ಮುಗಿಸಿ, ಮೆಟ್ಟುಗತ್ತಿಯನ್ನು ಬಗಲಲ್ಲಿ ಹಿಡಿದು, ಲಾಟೀನಿನ ಬೆಳಕಿನಲ್ಲಿ ಜನ ಬರುತ್ತಿದ್ದರು. ಅಂಗಳದಲ್ಲಿ ಹಸಿರು ಅಡಿಕೆಯ ಗುಡ್ಡ. ಸುತ್ತ ಕೂತು, ಒಂದು ಕಾಲಿನಲ್ಲಿ ಕತ್ತಿಯ ಮಣೆ ಒತ್ತಿ ಹಿಡಿದು, ಅಡಿಕೆಯನ್ನು ಅಲಗಿಗೆ ಕೊಟ್ಟು ತಿರುಗಿಸುವ ಸದ್ದು. ನುರಿತವರ ಕೈ ನೋಡಲಿಕ್ಕೇ ಚೆಂದ. ಸಿಪ್ಪೆ ಒಂದು ಕಡೆ ಹಾರಿ ಬೀಳುತ್ತಿದ್ದಂತೆ ಬೆಟ್ಟೆ ಬುಟ್ಟಿಗೆ ಬಿದ್ದಿರುತ್ತಿತ್ತು. ನಡುರಾತ್ರಿಯ ಹೊತ್ತಿಗೆ ಬೆಲ್ಲದ ಕಾಫಿ, ಅವಲಕ್ಕಿ. ಯಕ್ಷಗಾನದ ಪ್ರಸಂಗ ಗೊತ್ತಿದ್ದವರು ಅರ್ಥ ಹೇಳುತ್ತಿದ್ದರು. ಯಾರ ಮಗಳಿಗೆ ಎಲ್ಲಿ ಗಂಡು ನೋಡಿದರು, ಯಾವ ತೋಟಕ್ಕೆ ಕೊಳೆರೋಗ ಬಂತು, ಯಾರ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದರು, ಎಲ್ಲ ಸುದ್ದಿಯೂ ಆ ಅಂಗಳದಲ್ಲೇ.

ಮುಯ್ಯಾಳಿನ ಲೆಕ್ಕ ಆಳಿಗೆ ಆಳು, ದಿನಕ್ಕೆ ದಿನ. ಗಟ್ಟಿಮುಟ್ಟಾದ ಹುಡುಗನೊಬ್ಬ ಬಂದು ಸುಲಿದು ಹೋದ ರಾತ್ರಿಗೆ ಪ್ರತಿಯಾಗಿ ವಯಸ್ಸಾದ ಅಜ್ಜನೊಬ್ಬ ಹೋಗಿ ಕೂತರೂ ಒಂದಾಳು ಒಂದಾಳೇ. ಎಷ್ಟು ಡಬ್ಬ ಅಡಿಕೆ ಸುಲಿದರೆಂದು ಅಳೆಯುವ ರೂಢಿ ಕೂಲಿಗೆ ಬರುವವರಿಗೆ ಇತ್ತು, ಮುಯ್ಯಿಗೆ ಬಂದವರಿಗೆ ಇರಲಿಲ್ಲ. ಈ ಒಂದು ಉದಾರತೆಯಲ್ಲಿ ಎಷ್ಟು ತಿಳಿವಳಿಕೆ ಅಡಗಿದೆ! ಗಂಡ ತೀರಿಕೊಂಡ ಮನೆಯ ಹೆಂಗಸು, ಮೈ ಹುಷಾರಿಲ್ಲದವರು, ಇನ್ನೂ ಕತ್ತಿ ಹಿಡಿಯಲು ಬಾರದ ಹುಡುಗರು, ಎಲ್ಲರೂ ಒಂದೊಂದು ಆಳಾಗಿ ಸೇರಿಕೊಳ್ಳಬಹುದಿತ್ತು. ಅವರ ಮನೆಯ ಅಡಿಕೆಯೂ ಕೆಡದೆ ಒಣಗುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಬಂದದ್ದು ಒಳ್ಳೆಯದೇ, ಬೆರಳು ಕೊಯ್ದುಕೊಂಡು ಸೊಂಟ ಹಿಡಿದುಕೊಂಡು ಬೆಳಗು ಮಾಡಿದವರಿಗೆ ಆ ಯಂತ್ರದ ಬೆಲೆ ಗೊತ್ತು. ಎಷ್ಟೋ ಕಡೆ ಆ ಯಂತ್ರವನ್ನೂ ನಾಲ್ಕಾರು ಮನೆಯವರು ಸೇರಿ ತಂದಿಟ್ಟುಕೊಂಡಿದ್ದಾರೆ. ಅಂಗಳ ಮಾತ್ರ ಖಾಲಿ.

ಇನ್ನು ಊರೊಟ್ಟಿನ ವಸ್ತುಗಳು. ದೇವಸ್ಥಾನದ ಪಕ್ಕದ ಕೋಣೆಯಲ್ಲಿ ಹಂಡೆ, ಕೊಪ್ಪರಿಗೆ, ಸೌಟು, ಜಮಖಾನೆ ಇರುತ್ತಿದ್ದವು. ಮದುವೆಯಾಗಲಿ, ವೈಕುಂಠ ಸಮಾರಾಧನೆಯಾಗಲಿ, ಕೇಳಿ ಒಯ್ದು, ತೊಳೆದು ತಂದಿಡುವುದು. ಬಯಲುಸೀಮೆಯ ಊರುಗಳಲ್ಲಿ ಇದಕ್ಕಿಂತ ದೊಡ್ಡ ಊರೊಟ್ಟು ಕೆರೆ. ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುತ್ತಿದ್ದವನು ನೀರುಗಂಟಿ. ಅವನಿಗೆ ಸುಗ್ಗಿಯಲ್ಲಿ ಪ್ರತಿ ಗದ್ದೆಯಿಂದಲೂ ಇಷ್ಟೆಂದು ಕಾಳು. ಕೆರೆ ತುಂಬದ ವರ್ಷ ಯಾರ ಗದ್ದೆಗೆ ಎಷ್ಟು ನೀರೆಂದು ಊರಿನವರು ಕೂತು ತೀರ್ಮಾನಿಸಿದರೆ ಅದನ್ನು ನಡೆಸುವುದು ಅವನ ಹೊಣೆ. ಎಷ್ಟೋ ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದಾಗಿತ್ತು. ತನ್ನದೇ ಗದ್ದೆ ಆ ನೀರಿನಡಿ ಇಲ್ಲದವನು ಯಾರ ಕಡೆಗೂ ವಾಲುವುದಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ. ಆ ಜನಕ್ಕೆ ಗದ್ದೆಯೇ ಏಕಿರಲಿಲ್ಲ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಆ ಕಾರಣವನ್ನು ಮೆಚ್ಚುವುದು ನನ್ನಿಂದಾಗದು.

ಎಲ್ಲರಿಗೂ ಸೇರಿದ್ದು ಯಾರಿಗೂ ಸೇರದೆ ಹಾಳಾಗುತ್ತದೆ, ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ತನ್ನ ದನವನ್ನು ಹೆಚ್ಚು ಹೆಚ್ಚು ಹೊಡೆದು ಅದನ್ನು ಬೋಳಿಸುತ್ತಾನೆ ಎಂದು ಗ್ಯಾರೆಟ್ ಹಾರ್ಡಿನ್ ಎಂಬ ವಿದ್ವಾಂಸರು 1968ರಲ್ಲಿ ವಾದಿಸಿದರು. ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದ್ವಾಂಸೆ ಜಗತ್ತಿನ ಬೇರೆ ಬೇರೆ ಕಡೆಯ ಮೀನುಗಾರರು, ಕಾಲುವೆಯ ರೈತರು, ಗುಡ್ಡಗಾಡಿನ ಹುಲ್ಲುಗಾವಲುಗಳ ಜನ ಹೇಗೆ ಬದುಕಿದ್ದಾರೆಂದು ವರ್ಷಾನುಗಟ್ಟಲೆ ನೋಡಿ, 1990ರ ತಮ್ಮ ಪುಸ್ತಕದಲ್ಲಿ ಬೇರೆಯದನ್ನೇ ತೋರಿಸಿದರು. ಬಳಸುವವರೇ ಕಟ್ಟಳೆ ಮಾಡಿಕೊಂಡ ಕಡೆ, ತಮ್ಮ ಮೇಲೆ ತಾವೇ ಕಣ್ಣಿಟ್ಟ ಕಡೆ, ಮೊದಲ ತಪ್ಪಿಗೆ ಸಣ್ಣ ದಂಡ ಹಾಕಿ ಮತ್ತೆ ಮತ್ತೆ ಮಾಡಿದವನಿಗೆ ದೊಡ್ಡದು ಹಾಕಿದ ಕಡೆ ಒಟ್ಟಿನ ಆಸ್ತಿ ಶತಮಾನಗಟ್ಟಲೆ ಉಳಿದಿದೆ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರು. ನಮ್ಮ ನೀರುಗಂಟಿಯ ಕೆರೆಗಳ ಮಾತು ಕೇಳಿದವರಿಗೆ ಆಸ್ಟ್ರಮ್ ಹೇಳಿದ್ದು ಹೊಸದೆನಿಸದೆ ಇರಬಹುದು. ಆದರೆ ವಿಶ್ವವಿದ್ಯಾಲಯಗಳು ಅದನ್ನು ನಂಬಬೇಕಾದರೆ ಅವರು ಅಷ್ಟೆಲ್ಲ ದುಡಿಯಬೇಕಾಯಿತು.

ಇಷ್ಟು ಹೇಳಿ, ಊರಿನ ಕಾಲವೇ ಚಿನ್ನವಾಗಿತ್ತೆಂದು ನಾನು ಮುಗಿಸಲಾರೆ. ಹೆಪ್ಪು ತಿರುಗಿದ್ದು ಕೇರಿಯೊಳಗೆ. ಕೇರಿಯಾಚೆಯ ಮನೆಗಳಿಗೆ ಅದು ಹೋಗುತ್ತಿರಲಿಲ್ಲ, ಅಲ್ಲಿಂದ ಬರುವ ಮಾತಂತೂ ಇಲ್ಲವೇ ಇಲ್ಲ. ಹೆಸರು ಕೊರೆಸಿದ ಪಾತ್ರೆ ಎಲ್ಲರ ಅಡುಗೆಮನೆಗೂ ಹೋಗಿ ಬರುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬಂದವರಿಗೆ ಕೊಡುವ ನೀರು ಮೇಲಿನಿಂದ ಬೊಗಸೆಗೆ ಬೀಳುತ್ತಿತ್ತು. ಊರ ಬಾವಿಯನ್ನು ಊರ ಬಾವಿಯೆಂದು ಕರೆಯುತ್ತಿದ್ದರು, ಊರಿನ ಅರ್ಧ ಜನ ಅದರ ಕಟ್ಟೆ ಹತ್ತುವಂತಿರಲಿಲ್ಲ. ಮಹಾಡದಲ್ಲಿ ಅಂಬೇಡ್ಕರ್ 1927ರ ಮಾರ್ಚ್ 20ರಂದು ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಆ ನೀರಿನ ಮೇಲಿನ ಹಕ್ಕು ನ್ಯಾಯಾಲಯದಲ್ಲಿ ಗಟ್ಟಿಯಾಗಲು 1937ರವರೆಗೆ, ಬಾಂಬೆ ಹೈಕೋರ್ಟಿನ ತೀರ್ಪಿನವರೆಗೆ, ಕಾಯಬೇಕಾಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ! ನೆರೆಹೊರೆಯ ಸೊಗಸನ್ನು ಬರೆಯುವವರು ಆ ಕೆರೆಯ ನೆನಪನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯಬೇಕೆಂದು ನನಗನ್ನಿಸುತ್ತದೆ. ಹೆಂಗಸರ ಮಾತನ್ನೂ ಇಲ್ಲೇ ಹೇಳಬೇಕು. ಅಂಗಳದಲ್ಲಿ ಸುಲಿತ, ಪ್ರಸಂಗ, ಹರಟೆ ನಡೆಯುವಾಗ ಅಷ್ಟೂ ಜನಕ್ಕೆ ಕಾಫಿ, ಅವಲಕ್ಕಿ ಮಾಡುತ್ತಿದ್ದವರು ಬೆಳಗಿನಿಂದ ದುಡಿದವರೇ. ಅವರ ಆ ದುಡಿಮೆ ಮುಯ್ಯಾಳಿನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಹಂಚಿಕೊಳ್ಳುವುದನ್ನು ರೂಢಿಯ ಮೇಲೆ ಬಿಡದೆ ಬರೆದಿಟ್ಟ ಕಟ್ಟಳೆಯಾಗಿ ಮಾಡಿದರೆ ಏನಾಗಬಹುದೆಂದು ತೋರಿಸಿದ ಊರು ನಮ್ಮಲ್ಲೇ ಇದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಸಹಕಾರ ಕಾಯಿದೆ ಬಂದಿತ್ತು. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸೆನ್ ಕಟ್ಟಿದ್ದ ಸಂಘಗಳ ಮಾದರಿಯ ಪ್ರಭಾವ ಆ ಕಾಯಿದೆಯ ಮೇಲಿತ್ತು. ಅದರ ಒಂದು ಕಟ್ಟಳೆ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ನನ್ನ ಷೇರಿನಷ್ಟು ಮಾತ್ರ ಹೋಯಿತೆಂದು ಕೈತೊಳೆದುಕೊಳ್ಳುವಂತಿಲ್ಲ, ಅದರ ಸಾಲಕ್ಕೆ ಎಲ್ಲರೂ ತಮ್ಮ ಆಸ್ತಿಯ ಸಮೇತ ಜವಾಬುದಾರರು. ಸಾಹುಕಾರನ ಹತ್ತಿರ ಹೊಲ ಒತ್ತೆಯಿಡಬೇಕಾಗಿದ್ದ ರೈತನಿಗೆ ಇಲ್ಲಿ ಪಕ್ಕದ ಹೊಲದವನ ಮಾತೇ ಜಾಮೀನು. ಪಕ್ಕದವನಿಗೆ ಅವನ ಎತ್ತು ಗೊತ್ತು, ಬೆಳೆ ಗೊತ್ತು, ಕುಡಿತವಿದ್ದರೆ ಅದೂ ಗೊತ್ತು. ದೂರದ ಬ್ಯಾಂಕಿಗೆ ಎಂದೂ ತಿಳಿಯದ ಸಂಗತಿಗಳ ಮೇಲೆ ಈ ಸಂಘಗಳು ನಿಂತವು. ಕಣಗಿನಹಾಳದ್ದು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದೆಂದು ನಾಡು ಹೆಮ್ಮೆಪಡುತ್ತದೆ, ಪಡಬೇಕಾದದ್ದೇ.

ನಾನೀಗ ಇರುವುದು ಬೆಂಗಳೂರಿನ ಒಂದು ಅಡ್ಡರಸ್ತೆಯಲ್ಲಿ. ಹೆಪ್ಪಿಗಾಗಿ ಇಲ್ಲಿ ಯಾರೂ ಯಾರ ಬಾಗಿಲಿಗೂ ಹೋಗುವುದಿಲ್ಲ. ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಮೊಸರಿನ ಪ್ಯಾಕೆಟ್ಟು ಬರುತ್ತದೆ. ಇದರಿಂದ ನಗರದ ಜನ ಕೆಟ್ಟವರಾದರೆಂದು ನಾನು ಹೇಳಲಾರೆ. ಇಲ್ಲಿ ಕೊಡಲು ಮನಸ್ಸಿದ್ದವರು ಬೇಕಾದಷ್ಟು ಜನ ಸಿಗುತ್ತಾರೆ. ಕೇಳುವುದು ಕಷ್ಟ. ಕೇಳಿದರೆ ಋಣವಾಗುತ್ತದೆ, ನಮ್ಮ ಮನೆಯಲ್ಲಿ ಇಲ್ಲದ್ದು ಇನ್ನೊಬ್ಬರಿಗೆ ತಿಳಿಯುತ್ತದೆ. ದುಡ್ಡು ಕೊಟ್ಟು ತಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮ ರಸ್ತೆಯ ತಿರುವಿನ ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಮನೆಯ ಕರಿಬೇವು, ನುಗ್ಗೆಕಾಯಿ ತಿನ್ನದವರು ಇಲ್ಲಿ ಯಾರೂ ಇಲ್ಲ. ತಾವೇ ಕೊಯ್ದು, ಕಟ್ಟಿ, ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದರು. ನಾವು ಏನಾದರೂ ಕೊಡಲು ಹೋದರೆ ಮಾತ್ರ “ಬೇಡ, ನಮ್ಮಲ್ಲಿದೆ” ಎಂಬ ಒಂದೇ ಉತ್ತರ. ಎಲ್ಲರಿಗೂ ಅವರ ಮೇಲೆ ಗೌರವವಿತ್ತು, ಸಲಿಗೆ ಇರಲಿಲ್ಲ. ಅವರ ಮನೆಯ ಒಳಗೆ ಹೋಗಿ ಕೂತವರು ಯಾರೆಂದು ಕೇಳಿದರೆ ಒಬ್ಬರೂ ಸಿಗುತ್ತಿರಲಿಲ್ಲ.

ಅವರ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದ ಮರುದಿನ ಬೆಳಿಗ್ಗೆ ಅವರು ನಮ್ಮ ಗೇಟಿನಲ್ಲಿ ನಿಂತಿದ್ದರು. “ನಿಮ್ಮ ತಾಯಿಯವರದು ಒಂದು ವಾಕರ್ ಇತ್ತಲ್ವಾ, ಅದು ಇದ್ರೆ ಸ್ವಲ್ಪ ದಿನಕ್ಕೆ ಕೊಡ್ತೀರಾ?” ಅಮ್ಮ ತೀರಿಕೊಂಡ ಮೇಲೆ ಅದು ಅಟ್ಟ ಸೇರಿತ್ತು. ಇಳಿಸಿ ಕೊಟ್ಟೆ. ಎದುರಿನ ಮನೆಯವರು ವಿಷಯ ಕೇಳಿ ತಮ್ಮ ಅಟ್ಟದಿಂದ ಗಾಲಿಕುರ್ಚಿ ಇಳಿಸಿದರು. ಇನ್ನೊಂದು ಮನೆಯಿಂದ ಬೆನ್ನುಹುಣ್ಣಾಗದಂತೆ ಹಾಸುವ ವಾಟರ್ ಬೆಡ್, ಮತ್ತೊಂದರಿಂದ ಕಮೋಡ್ ಕುರ್ಚಿ. ನಮ್ಮ ಈ ಸಣ್ಣ ರಸ್ತೆಯ ಅಟ್ಟಗಳಲ್ಲಿ ಇಡೀ ಒಂದು ವಾರ್ಡಿಗೆ ಸಾಲುವಷ್ಟು ಸಾಮಾನು ಧೂಳು ಹಿಡಿದು ಮಲಗಿತ್ತು. ಪ್ರತಿ ಮನೆಯೂ ಅವಸರದಲ್ಲಿ, ಅಳುವ ಹೊತ್ತಿನಲ್ಲಿ, ಹೇಳಿದ ಬೆಲೆ ಕೊಟ್ಟು ತಂದದ್ದು. ಒಬ್ಬರು ಬಾಯಿಬಿಟ್ಟು ಕೇಳಿದ ಮೇಲೆ ಅದೆಲ್ಲ ಬೆಳಕಿಗೆ ಬಂತು. ಅಂದಿನಿಂದ ಅವರ ಮನೆಯ ಬಾಗಿಲು ಮುಚ್ಚಿದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ಯಾರಾದರೂ ಆ ತಾಯಿಯ ಪಕ್ಕ ಕೂತಿರುತ್ತಾರೆ. ಅವರ ಅಷ್ಟು ವರ್ಷದ ಕರಿಬೇವು ಮಾಡದ ಕೆಲಸವನ್ನು ಒಂದು ಕೇಳಿಕೆ ಮಾಡಿತು. ಬರೀ ಕೊಡುವವರ ಹತ್ತಿರ ನಾವು ಕೈಮುಗಿದು ದೂರ ನಿಲ್ಲುತ್ತೇವೆ. ನಮ್ಮಿಂದ ಏನನ್ನಾದರೂ ಇಸಿದುಕೊಂಡವರ ಮನೆಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ.

ಕಾರು ಮಾರಿದ್ದರಿಂದ ಆ ಹಿರಿಯರ ಶೆಡ್ಡು ಖಾಲಿಯಿತ್ತು. ಸಾಮಾನೆಲ್ಲ ಅಲ್ಲಿ ಸೇರಿತು. ಆಮೇಲೆ ಡ್ರಿಲ್ಲಿಂಗ್ ಮಷೀನು, ಏಣಿ, ಹಬ್ಬಕ್ಕೆ ಬೇಕಾಗುವ ದೊಡ್ಡ ಕುಕ್ಕರು, ಇಡ್ಲಿ ಸ್ಟ್ಯಾಂಡು, ಮಡಚುವ ಕುರ್ಚಿಗಳೂ ಬಂದವು. ಗೋಡೆಗೆ ತೂಗುಹಾಕಿದ ಒಂದು ಪುಸ್ತಕ: ಯಾರು, ಏನು, ಯಾವತ್ತು. ಬಾಡಿಗೆ ಇಲ್ಲ, ಡೆಪಾಸಿಟ್ ಇಲ್ಲ. ಕಟ್ಟಳೆಗಳು ಜಗಳವಾದ ಹಾಗೆ ಹುಟ್ಟಿದವು. ಡ್ರಿಲ್ಲಿನ ಬಿಟ್ಟು ಮುರಿದರೆ ಮುರಿದವರು ತಂದಿಡಬೇಕು, ಮಷೀನೇ ಕೆಟ್ಟರೆ ಎಲ್ಲರೂ ಸೇರಿ ರಿಪೇರಿ. ಮನೆಗೆ ಬಣ್ಣ ಹೊಡೆಸುತ್ತಾ ಏಣಿಯನ್ನು ವಾರಗಟ್ಟಲೆ ಇಟ್ಟುಕೊಂಡವರ ದೆಸೆಯಿಂದ ಇನ್ನೊಂದು ಕಟ್ಟಳೆ ಬಂತು: ಬೇರೆಯವರು ಕೇಳಿದರೆ ಎರಡು ದಿನದೊಳಗೆ ಬಿಟ್ಟುಕೊಡಬೇಕು.

2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಈ ಪರಿಚಯ ಕೈಹಿಡಿಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ ದಿನಗಳು ಅವು. ನಮ್ಮ ಸಾಲಿನ ಬೋರ್‌ವೆಲ್ಲುಗಳು ಒಂದರ ಹಿಂದೊಂದು ಬತ್ತಿದವು, ಒಂದು ಮನೆಯದು ಮಾತ್ರ ಉಳಿದಿತ್ತು. ಅವರು ಕಾಂಪೌಂಡಿನ ಮೇಲೆ ಪೈಪು ಹಾಯಿಸಿ ಸರದಿಯಲ್ಲಿ ಎಲ್ಲರ ಸಂಪಿಗೂ ಅಷ್ಟಿಷ್ಟು ಬಿಟ್ಟರು. ಮೋಟರಿನ ಕರೆಂಟು ಬಿಲ್ಲು ಹಂಚಿಕೊಂಡೆವು. ವಾಲ್ವು ತಿರುಗಿಸುವ ಕೆಲಸವನ್ನು ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗನಿಗೆ ಒಪ್ಪಿಸಿದರು. ಯಾವ ಸಂಪೂ ಅವನ ಸ್ವಂತದ್ದಲ್ಲ, ಹೀಗಾಗಿ ಅವನ ಗಡಿಯಾರವನ್ನು ಎಲ್ಲರೂ ನಂಬಿದರು.

ನಮ್ಮ ರಸ್ತೆಯ ಹಲವು ಮನೆಗಳಿಗೆ ಕೆಲಸಕ್ಕೆ ಬರುವ ಹೆಣ್ಣುಮಗಳೊಬ್ಬರು ಆ ಶೆಡ್ಡನ್ನೂ ಗುಡಿಸುತ್ತಾರೆ. ಗಾಲಿಕುರ್ಚಿಯ ಧೂಳು ಒರೆಸುವವರೂ ಅವರೇ. ಅವರ ತಾಯಿಗೆ ಲಕ್ವ ಹೊಡೆದು, ಫಿಸಿಯೋಥೆರಪಿಗೆಂದು ಎತ್ತಿಕೊಂಡು ಆಟೋಗೆ ಹತ್ತಿಸುತ್ತಿದ್ದಾರೆಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಬೇರೆ ಯಾರೋ ಹೇಳಿ. ಕುರ್ಚಿಯನ್ನು ದಿನವೂ ಒರೆಸಿ ಮೂಲೆಗೆ ಸರಿಸುತ್ತಿದ್ದರು, ಕೇಳಿರಲಿಲ್ಲ. ಅದು ರಸ್ತೆಯವರದೆಂದು ಅವರು ತಿಳಿದಿದ್ದರು. ತಪ್ಪು ತಿಳಿದಿದ್ದರೆಂದು ಹೇಳುವ ಧೈರ್ಯ ನನಗಿಲ್ಲ. ಊರಿನಲ್ಲಿ ಹೆಪ್ಪಿಗೆ ಇದ್ದ ಗಡಿಯೇ ಇಲ್ಲಿ ಶೆಡ್ಡಿನ ಬಾಗಿಲಲ್ಲಿ ನಿಂತಿತ್ತು, ಯಾರೂ ಗೀಟು ಎಳೆಯದೆಯೇ. ಮಾತು ಕೂತಾಗ, ರಸ್ತೆಯ ಹೊರಗೆ ಹೋಗುವುದಾದರೆ ಡೆಪಾಸಿಟ್ ಇಸಿದುಕೊಂಡರೆ ಒಳ್ಳೆಯದೆಂದು ಒಬ್ಬರು ಅಂದರು. ತಿರುವಿನ ಮನೆಯ ಹಿರಿಯರು, “ನಾನು ಕೇಳಿದಾಗ ನನ್ನ ಹತ್ರ ಯಾರೂ ಡೆಪಾಸಿಟ್ ಕೇಳ್ಲಿಲ್ಲ” ಎಂದರು. ಕುರ್ಚಿ ಅಂದೇ ಕಾಲುವೆಯಾಚೆಯ ಆ ಹೆಣ್ಣುಮಗಳ ಬೀದಿಗೆ ಹೋಯಿತು.

ಆ ತಾಯಿ ಚೇತರಿಸಿಕೊಂಡ ಮೇಲೆ ಕುರ್ಚಿ ಅದೇ ಬೀದಿಯ ಇನ್ನೊಂದು ಮನೆಗೆ ಹೋಗಿತ್ತು. ನಮ್ಮ ರಸ್ತೆಯಲ್ಲಿ ಒಬ್ಬರಿಗೆ ಬೇಕಾದಾಗ ಅಲ್ಲಿನವರದು ಮುಗಿಯುವವರೆಗೆ ಕಾದೆವು. ಪುಸ್ತಕದಲ್ಲಿ ಅವರ ಬೀದಿಗೂ ಪುಟಗಳಾದವು, ಮೊದಮೊದಲು ಬರೀ ಒಂದು ಕಡೆಯ ಲೆಕ್ಕ: ನಮ್ಮಿಂದ ಹೋದದ್ದು. ಅದು ನನಗೆ ಸರಿಬರಲಿಲ್ಲ. ಆ ಹೆಣ್ಣುಮಗಳ ಮೈದುನ ಪೇಂಟರು. ಮೂರಂತಸ್ತು ಮುಟ್ಟುವ ಏಣಿ, ಹಗ್ಗ, ಸರಂಜಾಮು ಎಲ್ಲ ಅವರ ಮನೆಯಲ್ಲಿದೆ. ನಮ್ಮ ಶೆಡ್ಡಿನ ಏಣಿ ತಾರಸಿಯ ಮೇಲಿನ ಟ್ಯಾಂಕಿಗೆ ನಿಲುಕುವುದಿಲ್ಲ. ಮಳೆಗಾಲಕ್ಕೆ ಮುಂಚೆ ಟ್ಯಾಂಕು ತೊಳೆಯಬೇಕಿತ್ತು, ಹಿರಿಯರೂ ನಾನೂ ಅವರ ಮನೆಗೆ ಹೋಗಿ ಕೇಳಿದೆವು. ಬಾಡಿಗೆ ಎಷ್ಟು ಕೊಡಬೇಕೆಂದು ಕೇಳಬಾರದೆಂದು ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಅವರು ಕೂರಿಸಿ, ಟೀ ಕೊಟ್ಟು, “ನಾಳೆ ಬೆಳಿಗ್ಗೆ ಕೆಲಸಕ್ಕೆ ಬೇಕು ಸಾರ್, ರಾತ್ರಿಯೊಳಗೆ ತಂದ್ಬಿಡಿ” ಎಂದು ಕಟ್ಟುನಿಟ್ಟಾಗಿ ಹೇಳಿದರು. ಅದೇ ಸಂಜೆ ಹೊತ್ತುಕೊಂಡು ಹೋಗಿ ಒಪ್ಪಿಸಿದೆವು. ದೀಪಾವಳಿಗೆ ಮುಂಚೆ ಮತ್ತೆ ಕೇಳಬೇಕು.